ಮದುವಣಗಿತ್ತಿಯ ನಾಚಿಕೆ

ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಯೊಂದರಲ್ಲಿ ಮುರಳಿ ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಸೀರೆ ಉಟ್ಟು ತೋರಿಸುತ್ತಿದ್ದ. ಮಡಿಸಿಟ್ಟ ಸೀರೆ ನೋಡಿ ಯಾರೂ ಕೊಳ್ಳುವುದಿಲ್ಲ. ಮೈಮೇಲೆ ಬಿದ್ದಾಗ ಅಂಚು ಹೇಗೆ ಕೂರುತ್ತದೆ, ಸೆರಗು ಎಲ್ಲಿಯವರೆಗೆ ಇಳಿಯುತ್ತದೆ ಎಂದು ಕಂಡ ಮೇಲೆಯೇ ಹೆಂಗಸರ ಮನಸ್ಸು ವಾಲುವುದು. ಅದಕ್ಕೆಂದೇ ಆ ಬೀದಿಯ ಅಂಗಡಿಗಳಲ್ಲಿ ಒಬ್ಬ ಗಂಡಸು ಇರುತ್ತಾನೆ. ಪ್ಯಾಂಟು ಶರ್ಟಿನ ಮೇಲೆಯೇ ಸೊಂಟಕ್ಕೊಂದು ಎಲಾಸ್ಟಿಕ್ ಪಟ್ಟಿ ಹಾಕಿಕೊಂಡು, ನೋಡುನೋಡುತ್ತಿದ್ದಂತೆ ನೆರಿಗೆ ಹಿಡಿದು ಸಿಕ್ಕಿಸಿ, ಸೆರಗು ಹೊದ್ದು ಕನ್ನಡಿಯ ಮುಂದೆ ನಿಲ್ಲುತ್ತಾನೆ. ಮುರಳಿಗೆ ದಪ್ಪ ಮೀಸೆ, ಅಗಲವಾದ ಭುಜ, ಮುಂದಕ್ಕೆ ಬಂದ ಹೊಟ್ಟೆ. ಆದರೂ ಅವನ ಮೈಮೇಲೆ ಸೀರೆ ಬಿದ್ದರೆ ಗಿರಾಕಿಗಳಿಗೆ ಮೀಸೆ ಕಾಣುತ್ತಿರಲಿಲ್ಲ.

ಧಾರೆ ಸೀರೆ ತೆಗೆಯಲು ಬಂದವರಿಗೆ ಅವನು ಇನ್ನೊಂದಿಷ್ಟು ಸೇರಿಸಿ ತೋರಿಸುತ್ತಿದ್ದ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅದರ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಕತ್ತು ತಗ್ಗಿಸಿ, ಓರೆಗಣ್ಣಲ್ಲಿ ಒಮ್ಮೆ ನೋಡಿ ರೆಪ್ಪೆ ಇಳಿಸುತ್ತಿದ್ದ. ಹುಡುಗಿ ನಗುತ್ತಿದ್ದಳು. ಹುಡುಗಿಯ ತಾಯಿಗೆ ಮಾತ್ರ ಕಣ್ಣು ತುಂಬಿಬಿಡುತ್ತಿತ್ತು. ಇದನ್ನು ಅವನಿಗೆ ಕಲಿಸಿದ್ದು ಅಂಗಡಿಯ ಹಿರಿಯ ಅಹ್ಮದ್ ಪಾಷಾ. ಶಿವಾಜಿನಗರದವರು, ಅವನಿಗಿಂತ ಮೊದಲು ಸೀರೆ ಉಡುತ್ತಿದ್ದವರು, ಈಗ ವಯಸ್ಸಾಗಿ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ಹಾಸುವವರು.

"ಸೀರೆ ತೋರ್ಸಿದ್ರೆ ಆಗೋಯ್ತಾ? ಶರಮ್ ತೋರ್ಸ್ಬೇಕು. ನಾಚ್ಕೆ ಇಲ್ದೆ ಮದುವಣಗಿತ್ತಿ ಎಲ್ಲಿಂದ ಬರ್ತಾಳೆ?" ಎಂದು ಅವರು ಮೊದಲ ವರ್ಷವೇ ಹೇಳಿಕೊಟ್ಟಿದ್ದರು. ಹಲಸೂರಿನ ತಮಿಳರು ಬಂದರೆ ಅದನ್ನೇ ವೆಕ್ಕಂ ಎನ್ನುತ್ತಿದ್ದರು. ಭಾಷೆ ಯಾವುದಾದರೂ, ಮದುವೆ ಹುಡುಗಿಯ ಮುಖಕ್ಕೆ ಕಳೆ ತರುವುದಕ್ಕೂ ಸಿಕ್ಕಿಬಿದ್ದ ಕಳ್ಳನ ಮುಖದ ಮೇಲೆ ಇರಬೇಕಾದ್ದಕ್ಕೂ ಒಂದೇ ಮಾತು. ಮುರಳಿ ಅದನ್ನು ಯಾವತ್ತೂ ಯೋಚಿಸಿದವನಲ್ಲ. ಅವನಿಗೆ ಅದು ಕೆಲಸ. ಅಂಗಡಿ ಮುಚ್ಚುವ ಹೊತ್ತಿಗೆ ಸೊಂಟದ ಪಟ್ಟಿ ಬಿಚ್ಚಿ ಮೊಳೆಗೆ ನೇತುಹಾಕಿ, ಶಿವಾಜಿನಗರದಲ್ಲಿ ಬಸ್ ಹತ್ತಿ, ಹೊಸ ತಿಪ್ಪಸಂದ್ರದಲ್ಲಿ ಇಳಿದು ಮನೆಗೆ ಹೋಗುತ್ತಿದ್ದ.

ಮನೆಯಲ್ಲಿ ನಾಲ್ಕು ಜನ. ಹೆಂಡತಿ ಭಾಗ್ಯಲಕ್ಷ್ಮಿ ಮನೆಯಲ್ಲೇ ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಮಗಳು ತೇಜಶ್ರೀ ಇಂದಿರಾನಗರದ ಕಾಲೇಜಿನಲ್ಲಿ ಎರಡನೇ ಪಿಯುಸಿ. ಮುರಳಿಯ ಅಪ್ಪ ಸಂಜೀವಪ್ಪ ಕೆ.ಆರ್. ಪುರದಾಚೆಯ ಹಳ್ಳಿಯ ಕೇರಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಲ್ಲಿಂದ ಹೊರಬಿದ್ದು, ವಿಮಾನ ಕಾರ್ಖಾನೆಯಲ್ಲಿ ಹೆಲ್ಪರಾಗಿ ಸೇರಿ ನಿವೃತ್ತರಾದವರು. ಎರಡು ಕೋಣೆಯ ಆ ಮನೆ ಕಟ್ಟಿದವರೂ ಅವರೇ. ನಡುಮನೆಯಲ್ಲಿ ಬುದ್ಧನ ಪಟ ತೂಗುಹಾಕಿ, "ಈ ಮನೇಲಿ ಯಾರೂ ಯಾರ ಮುಂದೇನೂ ತಲೆ ತಗ್ಗಿಸ್ಬಾರ್ದು" ಎಂದು ಗೃಹಪ್ರವೇಶದ ದಿನ ಹೇಳಿದ್ದರಂತೆ. ಮಗ ಸೇಲ್ಸ್‌ಮನ್ ಎಂದು ಅವರಿಗೆ ಗೊತ್ತಿತ್ತು. ಅವರು ಅಂಗಡಿಗೆ ಒಂದು ದಿನವೂ ಬಂದಿರಲಿಲ್ಲ. ಏನು ಮಾಡುತ್ತೀಯ ಎಂದು ಬಿಡಿಸಿ ಕೇಳಿರಲಿಲ್ಲ, ಇವನೂ ಬಿಡಿಸಿ ಹೇಳಿರಲಿಲ್ಲ. ಮುಚ್ಚಿಟ್ಟದ್ದಂತೂ ಅಲ್ಲ.

ಮಾಘದ ಮದುವೆಗಳ ಕಾಲ. ಮಾರತ್ತಹಳ್ಳಿ ಕಡೆಯ ಒಂದು ಕುಟುಂಬ ಧಾರೆ ಸೀರೆಗೆ ಬಂದಿತ್ತು. ಮುರಳಿ ಅರಿಶಿನ ಬಣ್ಣದ, ಕೆಂಪಂಚಿನ ಸೀರೆ ಉಟ್ಟು ಎಂದಿನಂತೆ ಕತ್ತು ತಗ್ಗಿಸಿ ರೆಪ್ಪೆ ಇಳಿಸಿದ. ಹುಡುಗಿಯ ಜೊತೆ ಬಂದಿದ್ದ ಯಾರೋ ಮೊಬೈಲ್ ಎತ್ತಿ ಹಿಡಿದಿದ್ದನ್ನು ಅವನು ನೋಡಿದ್ದ. ಊರಲ್ಲಿರುವ ಅಜ್ಜಿಗೆ ತೋರಿಸಲು ಎಷ್ಟೋ ಜನ ಹಾಗೆ ವಿಡಿಯೊ ಮಾಡಿಕೊಳ್ಳುತ್ತಾರೆ. ಸೀರೆ ಮಾರಾಟವಾಯಿತು. ಅವನು ಮರೆತ.

ಆ ವಿಡಿಯೊಗೆ ಯಾರೋ ಮದುವೆ ವಾಲಗ ಸೇರಿಸಿ, "ನಾಚಿಕೆ ಅಂದ್ರೆ ಇದು ಗುರು" ಎಂದು ಬರೆದು ಹಾಕಿದರು. ಕೆಲವೇ ದಿನಗಳಲ್ಲಿ ಅದು ಊರೆಲ್ಲ ಸುತ್ತಿ ಬಂತು.

ಒಂದು ಸಂಜೆ ಮುರಳಿ ಮನೆಗೆ ಬಂದು ಕಾಲು ತೊಳೆದು ಕೂತಿದ್ದ. ತೇಜಶ್ರೀ ಕಾಲೇಜಿನ ಬಟ್ಟೆಯಲ್ಲೇ ಇದ್ದಳು. ಮೊಬೈಲನ್ನು ಅವನ ಮುಖದ ಮುಂದೆ ಹಿಡಿದಳು.

"ಇದು ನೀನೇ ತಾನೆ?"

ಮುರಳಿ ಕಣ್ಣು ಕಿರಿದು ಮಾಡಿ ನೋಡಿದ. ತನ್ನನ್ನು ತಾನು ಅವನು ಹಾಗೆ ನೋಡಿದ್ದೇ ಇಲ್ಲ. "ಹ್ಞೂಂ, ನಾನೇ. ಸೆರಗು ಎಷ್ಟ್ ಚೆನ್ನಾಗ್ ಬಿದ್ದಿದೆ ನೋಡು" ಎಂದ.

ಅವಳು ಮೊಬೈಲನ್ನು ಹಿಂದಕ್ಕೆಳೆದುಕೊಂಡಳು. "ಅಪ್ಪ, ನಿಂಗೆ ನಾಚ್ಕೆ ಆಗಲ್ವಾ?"

ಮುರಳಿ ನಿಜವಾಗಿಯೂ ಯೋಚಿಸಿದ. ಮಗಳು ಕೇಳುತ್ತಿದ್ದಾಳೆ, ಸರಿಯಾದ ಉತ್ತರ ಕೊಡಬೇಕು. ಎಷ್ಟು ಹುಡುಕಿದರೂ ಅವನೊಳಗೆ ಅಂಥದ್ದೇನೂ ಸಿಗಲಿಲ್ಲ.

"ಕೆಲ್ಸ ಅಲ್ವೇನಮ್ಮ. ನಾಚ್ಕೆ ಯಾಕೆ?"

"ಅದೇ ಮತ್ತೆ! ನಿಂಗಾಗಲ್ಲ. ಅದಕ್ಕೇ ಎಲ್ಲಾ ನಂಗೇ ಆಗ್ತಿದೆ." ಅವಳ ದನಿ ಒಡೆಯಿತು. "ಕ್ಲಾಸಲ್ಲಿ ಹುಡುಗ್ರು ತಲೆ ಮೇಲೆ ಕರ್ಚೀಫ್ ಹಾಕ್ಕೊಂಡು ಹಿಂಗ್ ಹಿಂಗ್ ಮಾಡ್ತಾರೆ. ನಿಮ್ಮಪ್ಪನ ಥರ ಒಂದ್ಸಲ ನಾಚ್ಕೊ, ನೋಡಣ ಅಂತಾರೆ. ಹುಡ್ಗೀರೂ ನಗ್ತಾರೆ. ಲೆಕ್ಚರರೂ ನಕ್ರು ಇವತ್ತು."

ಅಡುಗೆಮನೆಯಿಂದ ಭಾಗ್ಯಲಕ್ಷ್ಮಿ ಬಂದು, "ತೇಜು, ಸುಮ್ನಿರೇ. ನಿಮ್ಮಪ್ಪ ಕಳ್ತನ ಮಾಡಿದಾರೇನೇ?" ಎಂದಳು.

"ಕಳ್ತನ ಮಾಡಿದ್ರೆ ಎಷ್ಟೋ ವಾಸಿಯಿತ್ತು. ಯಾರೂ ನಗ್ತಿರ್ಲಿಲ್ಲ."

ಮೂಲೆಯ ಮಂಚದ ಮೇಲಿಂದ ಸಂಜೀವಪ್ಪ ಕೈ ಚಾಚಿದರು. "ಏನದು? ನಂಗೂ ತೋರ್ಸು."

ಯಾರೂ ಅಲುಗಲಿಲ್ಲ. ಮತ್ತೆ ಕೇಳಿದಾಗ ತೇಜಶ್ರೀ ಮೊಬೈಲ್ ಕೊಟ್ಟಳು. ಅವರು ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಮುಗಿದ ಮೇಲೆ "ಇನ್ನೊಂದ್ಸಲ ಹಾಕು" ಎಂದರು. ಎರಡನೆಯ ಸಲವೂ ಮುಗಿಯಿತು. ಮೊಬೈಲನ್ನು ಹಾಸಿಗೆಯ ಮೇಲಿಟ್ಟು, ಅದನ್ನು ಕೈಯಿಂದ ದೂರ ಸರಿಸಿದರು.

"ನಮ್ಮಪ್ಪ ಊರಲ್ಲಿ ತಮಟೆ ಬಡೀತಿದ್ದ" ಎಂದರು. ಯಾರ ಮುಖವನ್ನೂ ನೋಡಲಿಲ್ಲ. "ಒಂದ್ ಹಬ್ಬದಲ್ಲಿ ದೊಡ್ಡಮನೆಯೋರು ಕುಡಿದ್ಬಿಟ್ಟು, ಅವನಿಗೆ ಹೆಂಗಸಿನ ಸೀರೆ ಉಡ್ಸಿ ಕುಣ್ಸಿದ್ರು. ನಾಚ್ಕೊಳೋ, ಹೊಸ ಹೆಣ್ಣಿನಂಗೆ ನಾಚ್ಕೊಳೋ ಅಂತ ಕೂಗೋರು. ನಾನು ಅಲ್ಲೇ ನಿಂತಿದ್ದೆ, ಸಣ್ಣೋನು. ಮನೆಗ್ ಬಂದು ತಮಟೆ ಒಲೆಗ್ ಹಾಕ್ದ. ಆಮೇಲೆ ಅವನು ಯಾರ್ನೂ ಕಣ್ಣೆತ್ತಿ ನೋಡ್ಲಿಲ್ಲ, ಸಾಯೋಗಂಟ. ಆ ಊರೇ ಬೇಡ ಅಂತ ನಾನು ಇಲ್ಲಿಗ್ ಬಂದೆ."

"ಅಪ್ಪ, ಇದು ಹಂಗಲ್ಲ. ನನ್ನ ಯಾರೂ ಬಲವಂತ ಮಾಡಿಲ್ಲ."

"ಅವನಿಗೆ ಬಲವಂತ ಮಾಡಿದ್ರು" ಎಂದರು ಸಂಜೀವಪ್ಪ. "ನೀನು ನೀನಾಗೇ ಮಾಡ್ತಿದೀಯ." ಗೋಡೆ ಕಡೆ ತಿರುಗಿ ಮಲಗಿದರು. ಆ ದಿನ ಅವರು ಊಟಕ್ಕೆ ಏಳಲಿಲ್ಲ.

ಮರುದಿನ ಮುರಳಿ ಅಂಗಡಿಗೆ ಹೋಗಿ ಮಾಲೀಕ ಸೇಟುವಿನ ಮುಂದೆ ನಿಂತ. ತನ್ನನ್ನು ಬಿಲ್ ಕೌಂಟರಿಗೋ ಸ್ಟಾಕಿಗೋ ಹಾಕಬೇಕು, ಇನ್ನು ಸೀರೆ ಉಡುವುದಕ್ಕೆ ಆಗುವುದಿಲ್ಲ ಎಂದ. ಸೇಟು ಕೆಟ್ಟವನಲ್ಲ. ಮುರಳಿಯ ಮದುವೆಗೆ ಅವನೇ ಸೀರೆ ಕೊಟ್ಟಿದ್ದ.

"ಹುಚ್ಚು ಹಿಡೀತಾ ನಿಂಗೆ? ಆ ಅಂಕಲ್ ಎಲ್ಲಿ ಅಂತ ಬೆಳಗ್ಗಿಂದ ಜನ ಕೇಳ್ಕೊಂಡು ಬರ್ತಾ ಇದಾರೆ. ಫೇಮಸ್ ಆಗಿದೀಯ ಮುರಳಿ!" ಎಂದು ಬೆನ್ನು ತಟ್ಟಿದ. ಆಗಲೇ ಕನ್ನಡಿಯ ಪಕ್ಕದಲ್ಲಿ ಸ್ಟ್ಯಾಂಡೊಂದನ್ನು ತಂದು ನಿಲ್ಲಿಸಿ, ಅದಕ್ಕೆ ಬಳೆಯಂಥ ದೊಡ್ಡ ಲೈಟು ಕಟ್ಟಿಸಿದ್ದ. ಇನ್ನು ಮೇಲೆ ಅಂಗಡಿಯವರೇ ದಿನಾ ವಿಡಿಯೊ ಮಾಡುವುದೆಂದು ತೀರ್ಮಾನವಾಗಿತ್ತು.

ಮುರಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಬಿಟ್ಟು ಹೋಗುವ ಧೈರ್ಯವೂ ಬರಲಿಲ್ಲ. ಪಟ್ಟಿ ಸೊಂಟಕ್ಕೆ ಹಾಕಿಕೊಂಡ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಅಹ್ಮದ್ ಪಾಷಾ ಪಕ್ಕಕ್ಕೆ ಬಂದು ಕೂತರು. "ಸುನೋ ಮುರಳಿ. ಶರಮ್ ಅನ್ನೋದು ಗಿರಾಕಿ ಮುಂದೆ ಹಾಕ್ಕೊಳ್ಳೋದು, ಅವ್ರು ಹೋದ್ಮೇಲೆ ಬಿಚ್ಚಿಡೋದು. ಮನೆಗೆ ತಗೊಂಡ್ ಹೋಗ್ಬಾರ್ದು."

"ಬಿಚ್ಚಿಟ್ಟೇ ಹೋಗ್ತಿದ್ದೆ ಭಾಯ್. ಮಗಳು ಎತ್ಕೊಂಡ್ಬಿಟ್ಟಿದಾಳೆ."

ಪಾಷಾ ತಮ್ಮ ಡಬ್ಬಿಯ ಪಲ್ಯವನ್ನು ಅವನ ಕಡೆ ಸರಿಸಿದರು.

ಮುಂದಿನ ಭಾನುವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೀರೆ ಕೊಳ್ಳುವವರಿಗಿಂತ ನೋಡಲು ಬಂದವರೇ ಹೆಚ್ಚು. ಕಾಲೇಜು ಹುಡುಗರು ಗುಂಪುಗುಂಪಾಗಿ ಬಾಗಿಲಲ್ಲಿ ನಿಂತಿದ್ದರು. ಒಂದು ಕುಟುಂಬ ಮಾತ್ರ ನಿಜವಾಗಿಯೂ ಧಾರೆ ಸೀರೆಗೆ ಬಂದಿತ್ತು. ಹುಡುಗಿ ಸಂಕೋಚದವಳು, ತಾಯಿಯ ತೋಳಿಗೆ ಅಂಟಿ ಕೂತಿದ್ದಳು. ಪಾಷಾ ಹಸಿರಂಚಿನ ಕೆಂಪು ಸೀರೆ ಬಿಚ್ಚಿದರು. ಮುರಳಿ ಎದ್ದು ನಿಂತು ಉಡತೊಡಗಿದ. ಕೈಗೆ ಕೆಲಸ ಗೊತ್ತಿತ್ತು. ನೆರಿಗೆ ಒಂದರ ಮೇಲೊಂದು ಕೂತವು, ಸೆರಗು ಭುಜದಿಂದ ಇಳಿಯಿತು. ಸೇಟು ಲೈಟು ಹಾಕಿಸಿದ. ಅಲ್ಲಿದ್ದ ಮೊಬೈಲುಗಳೆಲ್ಲ ಒಟ್ಟಿಗೆ ಮೇಲೆದ್ದವು.

ಮುರಳಿ ಸೆರಗನ್ನು ತಲೆಗೆ ಎಳೆದುಕೊಂಡು ಕನ್ನಡಿ ನೋಡಿದ.

ಇಷ್ಟು ವರ್ಷ ಆ ಕನ್ನಡಿಯಲ್ಲಿ ಅವನು ಸೀರೆಯನ್ನು ನೋಡುತ್ತಿದ್ದ. ಈಗ ಅಲ್ಲಿ ಮೀಸೆ ಕಂಡಿತು. ಜರಿಯ ಅಂಚಿನ ಕೆಳಗಿಂದ ಹೊಟ್ಟೆ ಕಂಡಿತು. ಬಾಯಿ ಮುಚ್ಚಿಕೊಂಡು ನಗುವ ಹುಡುಗರು ಕಂಡರು. ಕೇರಿಯಾಚೆಯ ದೊಡ್ಡಮನೆಯ ಅಂಗಳದಲ್ಲಿ ನಿಂತ ತನ್ನ ಅಜ್ಜನನ್ನು ಅವನು ಎಂದೂ ನೋಡಿರಲಿಲ್ಲ. ಅಲ್ಲಿ ಹೇಗೆ ನಿಂತಿರಬಹುದು ಎಂದು ಈಗ ತಿಳಿಯಿತು. ಕಿವಿ ಸುಟ್ಟಂತಾಯಿತು. ಕೆನ್ನೆ, ಕತ್ತು, ಎದೆಯವರೆಗೆ ಬಿಸಿ ಇಳಿಯಿತು. ಅವನು ಬಗ್ಗಿಸುವ ಮೊದಲೇ ತಲೆ ತಾನಾಗಿ ಬಗ್ಗಿತು. ಸೆರಗಿನ ತುದಿ ಹಿಡಿದ ಬೆರಳುಗಳು ನಡುಗಿದವು. ಮುಖ ಮುಚ್ಚಿಕೊಳ್ಳಬೇಕು, ಎಲ್ಲಿಯಾದರೂ ಹೋಗಿ ಅಡಗಬೇಕು ಅನ್ನಿಸಿತು. ಸುತ್ತ ಜನ ನಿಂತಿದ್ದರು, ಹೋಗಲು ಎಲ್ಲೂ ದಾರಿಯಿರಲಿಲ್ಲ. ಕಣ್ಣಿಂದ ನೀರು ಇಳಿದು ಮೀಸೆಗೆ ಬಂತು.

 ಬಾಗಿಲ ಕಡೆಯಿಂದ ಶಿಳ್ಳೆ ಕೇಳಿಸಿತು.

"ಅಬ್ಬಾ! ಏನ್ ಆಕ್ಟಿಂಗ್ ಮಗಾ!"

ಚಪ್ಪಾಳೆ ಬಿತ್ತು. ಹುಡುಗಿಯ ತಾಯಿ ಕಣ್ಣೊರೆಸಿಕೊಂಡು "ಇದೇ ಸೀರೆ ಕೊಡಿ" ಎಂದಳು. "ಸೂಪರ್, ಸೂಪರ್" ಎಂದು ಸೇಟು ಕೂಗುತ್ತಿದ್ದ. ಮುರಳಿ ತಲೆಯೆತ್ತಲಿಲ್ಲ, ಸೀರೆ ಬಿಚ್ಚಲೂ ಇಲ್ಲ. ಹಾಗೇ ನಿಂತಿದ್ದ. ಅಹ್ಮದ್ ಪಾಷಾ ಮಂಡಿ ಹಿಡಿದುಕೊಂಡು ಎದ್ದು ಬಂದು, ಅವನ ಭುಜ ಬಳಸಿ ಸ್ಟಾಕಿನ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲು ಹಾಕಿ, ಮಗುವಿಗೆ ಬಟ್ಟೆ ಬಿಚ್ಚುವಂತೆ ತಾವೇ ನೆರಿಗೆ ಬಿಡಿಸಿ, ಸೀರೆ ಸುತ್ತಿ ತೆಗೆದರು.

"ಅದು ಆಕ್ಟಿಂಗ್ ಅಲ್ಲ ಅಂತ ನಂಗೊಬ್ಬಂಗೇ ಗೊತ್ತು" ಎಂದರು. "ಹೋಗು ಬೇಟಾ, ಮನೆಗ್ ಹೋಗು. ಇನ್ಮೇಲೆ ಬರ್ಬೇಡ."

ಆ ವಿಡಿಯೊ ಮೊದಲನೆಯದಕ್ಕಿಂತ ದೂರ ಹೋಯಿತು. ಬಸ್ಸಿಗೆ ಕಾಯುವವರು, ಟೀ ಅಂಗಡಿಯಲ್ಲಿ ನಿಂತವರು ಎಲ್ಲರೂ ನೋಡಿದರು. ಇಂಥ ಕಲಾವಿದ ಸೀರೆ ಅಂಗಡಿಯಲ್ಲಿ ಕೊಳೆಯುತ್ತಿದ್ದಾನಲ್ಲ ಎಂದು ಕೆಲವರು ಮರುಗಿ ಬರೆದರು. ತೇಜಶ್ರೀಗೆ ಗೆಳತಿಯೊಬ್ಬಳು ಆ ಭಾನುವಾರ ಸಂಜೆಯೇ ಕಳಿಸಿದ್ದಳು. ತೇಜಶ್ರೀ ಪೂರ್ತಿ ನೋಡಲಿಲ್ಲ. ಅವಳಜ್ಜಿ ತೀರಿಕೊಂಡ ದಿನ ಅಪ್ಪನ ಬೆರಳು ಹೀಗೆ ನಡುಗಿದ್ದನ್ನು ಅವಳು ಕಂಡಿದ್ದಳು. ಮನೆಯಿಂದ ಓಡಿ ಬಸ್ ಸ್ಟಾಪಿಗೆ ಬಂದಳು. ಬಹಳ ಹೊತ್ತು ಕಾದ ಮೇಲೆ ಮುರಳಿ ಒಂದು ಬಸ್ಸಿನಿಂದ ಇಳಿದ. ತಿಪ್ಪಸಂದ್ರ ಮಾರ್ಕೆಟ್ ರಸ್ತೆಯಲ್ಲಿ ಭಾನುವಾರದ ಜನ. ಅವನು ಅಂಗಡಿಗಳ ಗೋಡೆಗೆ ಒತ್ತಿಕೊಂಡಂತೆ ನಡೆಯುತ್ತಿದ್ದ.

"ಅಪ್ಪ, ನಾನ್ ಹಂಗ್ ಕೇಳ್ಬಾರ್ದಿತ್ತು" ಎಂದಳು, ಜೊತೆಗೆ ಹೆಜ್ಜೆ ಹಾಕುತ್ತ. "ಸಾರಿ ಅಪ್ಪ. ಯಾರ್ ಏನಾದ್ರೂ ಅನ್ಕೊಳ್ಲಿ, ನಂಗೀಗ ಏನೂ ಅನ್ಸಲ್ಲ. ನಿಜ್ವಾಗ್ಲೂ."

"ಇರ್ಲಿ ಬಿಡಮ್ಮ."

"ನನ್ನ್ ನೋಡು."

ಮುರಳಿ ನಿಂತ. ನೋಡಲು ಪ್ರಯತ್ನಪಟ್ಟ. ಕಣ್ಣು ಅವಳ ಗಲ್ಲದವರೆಗೆ ಹೋಗಿ ಮತ್ತೆ ಕೆಳಗಿಳಿಯಿತು.

"ನಿನ್ ತಪ್ಪೇನಿಲ್ಲ ತೇಜು. ಇಷ್ಟ್ ದಿನ ಗೊತ್ತಿರ್ಲಿಲ್ಲ ನಂಗೆ. ಈಗ ಗೊತ್ತಾಯ್ತು. ಗೊತ್ತಾದ್ಮೇಲೆ ಏನ್ಮಾಡೋದು, ಹೇಳು?"

ಅವಳು ಅವನ ಕೈ ಹಿಡಿದುಕೊಂಡಳು. ಮನೆಯವರೆಗೆ ಹಾಗೇ ಹೋದರು.

ಮುರಳಿ ಮತ್ತೆ ಅಂಗಡಿಗೆ ಹೋಗಲಿಲ್ಲ. ಸೇಟು ಫೋನ್ ಮಾಡಿ ಕರೆದ, ಬೈದ, ಆಮೇಲೆ ಬೇರೊಬ್ಬನನ್ನು ಇಟ್ಟುಕೊಂಡ. ಸಂಜೀವಪ್ಪ ಮೊದಲ ದಿನ "ಒಳ್ಳೇದಾಯ್ತು ಬಿಡು" ಎಂದರು. ಒಂದು ಬೆಳಗ್ಗೆ ಹಾಲಿಗೆಂದು ಹೋದ ಮಗ ಬೀದಿಯಲ್ಲಿ ಬರುವುದನ್ನು ಬಾಗಿಲಲ್ಲಿ ಕೂತು ನೋಡಿದರು. ಎದುರುಮನೆಯವರು ಮಾತಾಡಿಸಿದರೆ ನೆಲ ನೋಡಿಕೊಂಡೇ ಉತ್ತರ ಕೊಟ್ಟು ಬಂದ. ಸಂಜೀವಪ್ಪನ ಮುಖ ಸಪ್ಪಗಾಯಿತು. ಸೊಸೆಯನ್ನು ಕರೆದು, "ನಮ್ಮಪ್ಪ ಹಿಂಗೇ ನಡೀತಿದ್ದ ಕಣಮ್ಮ. ಯಾಕಾದ್ರೂ ಹೇಳ್ದೆನೋ ಅವನಿಗೆ" ಎಂದರು. ಭಾಗ್ಯಲಕ್ಷ್ಮಿ ಕಟ್ಟುತ್ತಿದ್ದ ಕುಚ್ಚನ್ನು ಬದಿಗಿಟ್ಟು ಕೂತುಬಿಟ್ಟಳು. ಗಂಡನಿಗೆ ಸಮಾಧಾನ ಹೇಳಿ ಹೇಳಿ ಅವಳೂ ಸೋತಿದ್ದಳು. ಹೇಳಿದ್ದಕ್ಕೆಲ್ಲ ಅವನು ಹ್ಞೂಂ ಎನ್ನುತ್ತಿದ್ದ, ಅಷ್ಟೇ.

ಕೆ.ಆರ್. ಪುರ ದಾಟಿ ಒಂದು ಗೋಡೌನಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ಕಿಟಕಿಯಿಲ್ಲದ ದೊಡ್ಡ ಶೆಡ್ಡು, ಮೇಲಿನವರೆಗೆ ಪೆಟ್ಟಿಗೆಗಳು. ಧೂಳಿಗೆಂದು ಎಲ್ಲರೂ ಮಾಸ್ಕ್ ಹಾಕುತ್ತಿದ್ದರು. ಮುರಳಿ ಊಟದ ಹೊತ್ತಿನಲ್ಲೂ ಒಂದು ಬದಿಯ ದಾರ ಮಾತ್ರ ಬಿಡಿಸುತ್ತಿದ್ದ. ಮೀಸೆ ಬೋಳಿಸಿದ್ದ. ಪೆಟ್ಟಿಗೆ ಇಳಿಸುವ ವಾಜಿದ್ ಒಂದು ದಿನ ಅವನನ್ನೇ ದಿಟ್ಟಿಸಿ, "ಅಣ್ಣ, ಸೀರೆ ವಿಡಿಯೊ ಬಂದಿತ್ತಲ್ಲ, ಅದ್ರಲ್ಲಿದ್ದಿದ್ದು ನೀವೇನಾ?" ಎಂದು ಕೇಳಿದ.

"ಅಲ್ಲಪ್ಪ. ಅದ್ಯಾರೋ ಬೇರೆಯವ್ರು" ಎಂದ ಮುರಳಿ.

"ಅದೇ ಅನ್ಕೊಂಡೆ. ಅವನು ಒಳ್ಳೆ ಮಜಾ ಮನುಷ್ಯ ಬಿಡಿ" ಎಂದು ವಾಜಿದ್ ಮುಂದಕ್ಕೆ ಹೋದ.

ಜೂನ್‌ನಲ್ಲಿ ತೇಜಶ್ರೀ ತನ್ನ ಕಾಲೇಜಿನಲ್ಲೇ ಡಿಗ್ರಿಗೆ ಸೇರುವ ದಿನ ಬಂತು. ತಂದೆ ಅಥವಾ ತಾಯಿ ಬರಬೇಕಿತ್ತು. ಭಾಗ್ಯಲಕ್ಷ್ಮಿ ಹೊರಟು ನಿಂತಾಗ ಮಗಳು ಬೇಡವೆಂದಳು. "ಅಪ್ಪನೇ ಬರ್ಲಿ. ಎಲ್ಲಾರೂ ನೋಡ್ಲಿ ನಮ್ಮಪ್ಪನ್ನ" ಎಂದು ಹಟ ಹಿಡಿದಳು. ಮುರಳಿ ಬರುತ್ತೇನೆ ಎಂದ. ರಜೆ ಹಾಕಿ, ಇಸ್ತ್ರಿ ಮಾಡಿದ ಶರ್ಟು ತೊಟ್ಟು ಹೊರಟ. ಸ್ವಲ್ಪ ಮೊದಲೇ ಹೋಗಿ ಸಾಲಿನಲ್ಲಿ ನಿಂತಿರುತ್ತೇನೆಂದು ತೇಜಶ್ರೀ ಮುಂದೆ ಹೋಗಿದ್ದಳು.

ಇಂದಿರಾನಗರದಲ್ಲಿ ಕಾಲೇಜಿನ ಗೇಟು ಕಾಣುವಷ್ಟು ಹತ್ತಿರಕ್ಕೆ ಅವನು ಬಂದ. ಗೇಟಿನ ಮುಂದೆ ಹುಡುಗ ಹುಡುಗಿಯರು ಗುಂಪಾಗಿ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತಿದ್ದರು. ಮಗಳು ಒಳಗಿನಿಂದ ಬಂದು ರಸ್ತೆಯ ಆಚೆಯಿಂದಲೇ ಅವನನ್ನು ಕಂಡು ಜೋರಾಗಿ ಕೈಯಾಡಿಸಿದಳು. "ಅಪ್ಪ! ಇಲ್ಲಿ!" ಗುಂಪಿನಲ್ಲಿದ್ದ ಕೆಲವರು ಯಾರೆಂದು ತಿರುಗಿ ನೋಡಿದರು.

ಮುರಳಿ ಒಂದು ಹೆಜ್ಜೆ ರಸ್ತೆಗೆ ಇಟ್ಟ. ಹಿಂದಕ್ಕೆ ತೆಗೆದ. ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವನಂತೆ ಕೂತ. ಕೂತಲ್ಲಿಂದ ಎದ್ದು ಅವಳ ಕಡೆ ನೋಡಲು ಅವನಿಂದ ಆಗಲಿಲ್ಲ. ಗಾಡಿಗಳು ಎಡೆಬಿಡದೆ ಹೋಗುತ್ತಿದ್ದವು. ತೇಜಶ್ರೀ ದಾಟಿ ಈಚೆ ಬರುವಷ್ಟರಲ್ಲಿ ಅವನು ಅಲ್ಲಿರಲಿಲ್ಲ. ಅವಳು ಎರಡೂ ಕಡೆ ನೋಡಿ, ಫೋನ್ ಮಾಡಿದಳು. ರಿಂಗ್ ಆಗಿ ಆಗಿ ನಿಂತಿತು. ಆಮೇಲೆ ಅಮ್ಮನಿಗೆ ಫೋನ್ ಮಾಡಿ, "ಅಮ್ಮ, ನೀನೇ ಬಂದ್ಬಿಡು" ಎಂದಳು. ಅಮ್ಮ ಬರುವವರೆಗೂ ಅಪ್ಪ ಕೂತಿದ್ದ ಜಾಗದಲ್ಲೇ ನಿಂತಿದ್ದಳು.